ಚೀಲದ ತಳಕ್ಕೆ ಕೈ ಹಾಕುವವರು

ಕೂಸೇ,

ನಿನ್ನಜ್ಜನ ಅಂಚೆಚೀಟಿ ಆಲ್ಬಮ್ಮುಗಳೂ ನಾಣ್ಯದ ಡಬ್ಬಿಯೂ ನಿನ್ನ ಪಾಲಿಗೆ ಬಂದಿವೆ, ಅವನ್ನು ಆನ್‌ಲೈನ್ ಹರಾಜಿಗೆ ಹಾಕುತ್ತೇನೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ನಾನು ಸುಮ್ಮನಾದೆ. ಸಣ್ಣಜ್ಜನಿಗೆ ಸಿಟ್ಟು ಬಂತು ಎಂದುಕೊಂಡೆಯೇನೋ. ಸಿಟ್ಟಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹನ್ನೊಂದು ಆಲ್ಬಮ್ ಹೊತ್ತುಕೊಂಡು ತಿರುಗು ಎಂದು ನಿನಗೆ ಯಾರು ಹೇಳಿಯಾರು? ಕೂಡಿಟ್ಟವನು ಹೋದ ಮೇಲೆ ಅಟ್ಟದ ಮೇಲೆ ಗೆದ್ದಲಿಗೆ ಬಿಡುವುದಕ್ಕಿಂತ, ಆಸೆಪಟ್ಟು ಹುಡುಕುತ್ತಿರುವ ಇನ್ನೊಬ್ಬನ ಕೈ ಸೇರುವುದೇ ಚೀಟಿಗೂ ಕ್ಷೇಮ. ನಾನು ಸುಮ್ಮನಾದದ್ದು ನಿನ್ನ ಮುಂದಿನ ಮಾತಿಗೆ. ‘ಫೋಟೋ ಚೆಂದ ತೆಗೆದು ಹಾಕಿದ್ರೆ ಆಯ್ತು, ಜನ ತಾವೇ ಏರಿಸಿಕೊಂಡು ಹೋಗ್ತಾರೆ’ ಅಂದೆ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲಿಕ್ಕೆ ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

ಹರಾಜಿನ ವಿದ್ಯೆ ನಾನು ಕಲಿತದ್ದು ಶಿರಸಿಯ ಅಡಿಕೆ ವಖಾರಿಯಲ್ಲಿ. ಹುಡುಗನಾಗಿದ್ದಾಗ ಅಪ್ಪಯ್ಯನ ಹಿಂದೆ ಹೋಗುತ್ತಿದ್ದೆ. ಚೀಲಗಳ ಬಾಯಿ ಬಿಚ್ಚಿ ಸಾಲಾಗಿ ಇಟ್ಟಿರುತ್ತಿದ್ದರು. ವ್ಯಾಪಾರಿಗಳು ಒಬ್ಬೊಬ್ಬರೇ ಬಂದು ನೋಡಿ, ಎರಡು ಅಡಿಕೆ ಒಡೆದು, ಚೀಟಿಯಲ್ಲಿ ದರ ಬರೆದು ಟೆಂಡರ್ ಹಾಕಿ ಹೋಗುತ್ತಿದ್ದರು. ಪಳಗಿದ ವ್ಯಾಪಾರಿಗಳು ಮೇಲಿನ ಅಡಿಕೆಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೊಣಕೈವರೆಗೆ ಕೈಯನ್ನು ಚೀಲದ ತಳಕ್ಕೆ ಇಳಿಸಿ ಅಲ್ಲಿಂದ ಒಂದು ಹಿಡಿ ತೆಗೆಯುತ್ತಿದ್ದರು. ಮೇಲೆ ಒಳ್ಳೆಯ ಚಾಲಿ ಹರಡಿ ಕೆಳಗೆ ಕೋಕಾ ತುಂಬಿದವನ ಹೆಸರು ಸಂಜೆಯೊಳಗೆ ಇಡೀ ಪೇಟೆಗೆ ಗೊತ್ತಾಗುತ್ತಿತ್ತು. ಮರುವರ್ಷ ಅವನು ಅಪ್ಪಟ ಚಾಲಿಯನ್ನೇ ತಂದರೂ ಚೀಟಿಯಲ್ಲಿ ಬೀಳುತ್ತಿದ್ದ ದರ ಹೋದವರ್ಷದ ಕೋಕಾವನ್ನು ನೆನೆಸಿಕೊಂಡು ಬರೆದದ್ದು.

ಆನ್‌ಲೈನಿನಲ್ಲಿ ಕೊಳ್ಳುವವನಿಗೆ ಚೀಲದ ತಳಕ್ಕೆ ಕೈ ಹಾಕಲಿಕ್ಕೆ ಆಗುವುದಿಲ್ಲ. ಅವನ ಪರವಾಗಿ ಆ ಕೈಯನ್ನು ನೀನೇ ಹಾಕಬೇಕು. ನಾನು ಹೇಳಬೇಕಾದ್ದು ಇದೊಂದೇ, ಉಳಿದದ್ದೆಲ್ಲ ಇದರ ಬಾಲ.

ಮೊದಲು ನಾಣ್ಯದ ಡಬ್ಬಿ. ಅದರಲ್ಲಿರುವ ರಾಣಿ ರೂಪಾಯಿಗಳು ಫಳಫಳ ಹೊಳೆಯುತ್ತವೆ ಎಂದು ನೀನು ಹಿಗ್ಗಿದೆ. ಹೊಳೆಯುವುದೇ ಅವುಗಳ ರೋಗ. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ನಿನ್ನಜ್ಜಿ ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದಳು. ಅಣ್ಣ ತಲೆ ಚಚ್ಚಿಕೊಳ್ಳುತ್ತಿದ್ದ. ಬೆಳ್ಳಿಯ ಮೇಲೆ ನೂರು ವರ್ಷದಲ್ಲಿ ತಾನಾಗಿ ಕೂತ ಕಪ್ಪು ಛಾಯೆಯನ್ನು ಸಂಗ್ರಾಹಕರು ಹಣ ಕೊಟ್ಟು ಕೊಳ್ಳುತ್ತಾರೆ. ತಿಕ್ಕಿದ ನಾಣ್ಯಕ್ಕೆ ಸಿಗುವುದು ಬೆಳ್ಳಿಯ ತೂಕದ ಬೆಲೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದ್ದರಿಂದ ‘ತೊಳೆದಿದೆ’ ಎಂಬ ಮಾತನ್ನು ವಿವರಣೆಯ ಮೊದಲ ಸಾಲಿನಲ್ಲೇ ಬರೆ. ತೂಕವನ್ನೂ ಬರೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ಇರಬೇಕು. ಅಕ್ಕಸಾಲಿಗನ ತಕ್ಕಡಿಯಲ್ಲಿ ಇಟ್ಟು ಅದರ ಫೋಟೋ ತೆಗೆ. 1940ರಿಂದ ಬೆಳ್ಳಿಯ ಅಂಶ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿಗಳು ಬರೀ ನಿಕ್ಕಲ್. ಅವನ್ನೂ ‘ಶುದ್ಧ ಬೆಳ್ಳಿ’ ಎಂದು ಬರೆದು ಮಾರುವವರು ಸಾಲಾಗಿ ಕೂತಿದ್ದಾರೆ. ಡಬ್ಬಿಯಲ್ಲಿ 1939ರದ್ದೊಂದು ಸಿಕ್ಕಿದರೆ ಕುಣಿಯಬೇಡ. ಆ ವರ್ಷದ್ದು ಅಪರೂಪ, ಆದ್ದರಿಂದಲೇ ನಕಲಿಯೂ ಧಾರಾಳ. ತಿಳಿದವರಿಗೆ ತೋರಿಸದೆ ಅದನ್ನು ಹರಾಜಿಗೆ ಇಳಿಸಬೇಡ. ತೂತಿನ ಕಾಸುಗಳು, 1943ರಿಂದ 47ರವರೆಗಿನವು, ಊರಿನ ಅರ್ಧ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇವೆ. ಒಂದೊಂದಾಗಿ ಹಾಕಿ ಅಂಚೆ ಖರ್ಚು ಮೈಮೇಲೆ ಎಳೆದುಕೊಳ್ಳಬೇಡ, ಇಪ್ಪತ್ತನ್ನು ಒಟ್ಟುಮಾಡಿ ಒಂದು ಲಾಟು ಮಾಡು.

ಆಲ್ಬಮ್ಮುಗಳಲ್ಲಿ ಎಲ್ಲರ ಕಣ್ಣು ಹೋಗುವುದು ಗಾಂಧಿ ಚೀಟಿಗಳ ಪುಟಕ್ಕೆ. 1948ರ ಆಗಸ್ಟ್ 15ರಂದು ಹೊರಟ ನಾಲ್ಕರ ಆ ಸೆಟ್ಟು, ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ, ಅಚ್ಚಾದದ್ದು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಲ್ಲಿ. ‘ಬಾಪೂ’ ಎಂದು ನಾಗರಿಯಲ್ಲೂ ಉರ್ದುವಿನಲ್ಲೂ ಇದೆ. ಹತ್ತು ರೂಪಾಯಿಯದರ ನಕಲಿ ಎಷ್ಟು ಎಂದರೆ, ನಾನು ಅಂಚೆಕಚೇರಿಯ ಕೌಂಟರಿನಲ್ಲಿ ಕೂತಿದ್ದಾಗಲೇ ಮೂವರು ತಂದು ತೋರಿಸಿದ್ದರು, ಮೂರೂ ಸುಳ್ಳು. ಅಸಲಿ ಫೋಟೋಗ್ರೇವರ್ ಅಚ್ಚು. ಭೂತಗನ್ನಡಿಯಲ್ಲಿ ಆಫ್‌ಸೆಟ್ಟಿನ ಬಣ್ಣದ ಚುಕ್ಕೆಗಳು ಕಂಡರೆ ಅಲ್ಲಿಗೆ ಕತೆ ಮುಗಿಯಿತು. ಇದೇ ಸೆಟ್ಟಿನ ಹತ್ತು ರೂಪಾಯಿ ಚೀಟಿಗೆ ‘ಸರ್ವಿಸ್’ ಎಂದು ಮೇಲಚ್ಚು ಹೊಡೆದು ಗವರ್ನರ್ ಜನರಲ್ ಕಚೇರಿಗೆ ಕೊಟ್ಟದ್ದು ಬರೀ ನೂರು. ಅಂಥ ನಾಲ್ಕರ ಒಂದು ಪಟ್ಟಿ 2017ರಲ್ಲಿ ಬ್ರಿಟನ್ನಿನಲ್ಲಿ ಐದು ಲಕ್ಷ ಪೌಂಡಿಗೆ ಹೋಯಿತು. ಈ ಸುದ್ದಿ ಓದಿದ ಪ್ರತಿಯೊಬ್ಬನೂ ತನ್ನ ಮನೆಯ ಮೂರೂವರೆ ಆಣೆ ಚೀಟಿಗೆ ಲಕ್ಷದ ಬೆಲೆ ಹೇಳುತ್ತಾನೆ. ನೀನು ಆ ಸಾಲಿಗೆ ಸೇರಬೇಡ.

ಇನ್ನು ನಮ್ಮ ಮಳೆಯ ಪ್ರಸಾದ. ಮಲೆನಾಡಿನ ಮನೆಯಲ್ಲಿ ಐವತ್ತು ವರ್ಷ ಇದ್ದ ಚೀಟಿಗೆ ಕಂದು ಚುಕ್ಕೆ ಬೀಳದೆ ಇರುವುದಿಲ್ಲ. ಎದುರಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಚಿಮಟದಲ್ಲಿ ಎತ್ತಿ ಹಿಂಬದಿ ನೋಡಿದರೆ ಗೋಂದಿನ ಮೇಲೆ ಹರಡಿರುತ್ತದೆ. ಹಿಂಬದಿಯ ಫೋಟೋ ಹಾಕಲೇಬೇಕು. ಹಲ್ಲು ಮುರಿದಿದ್ದರೆ ಆ ಮೂಲೆಯನ್ನು ಹತ್ತಿರದಿಂದ ತೆಗೆ. ಆಲ್ಬಮ್ಮಿಗೆ ಅಂಟಿಸಲು ಹಿಂಜ್ ಹಚ್ಚಿದ ಗುರುತಿದ್ದರೆ ಹೇಳು. ಫೋಟೋಕ್ಕೆ ಕಿಟಕಿಯ ಪಕ್ಕದ ಮೋಡದ ಬೆಳಕು ಸಾಕು, ಫಿಲ್ಟರ್ ಗಿಲ್ಟರ್ ಮುಟ್ಟಬೇಡ. ಇಷ್ಟೆಲ್ಲ ಊನ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಕೇಳುತ್ತೀ. ನನ್ನ ಅನುಭವದಲ್ಲಿ ಊನ ಬರೆದ ಚೀಟಿಗೇ ಸವಾಲು ಜಾಸ್ತಿ. ಕಂಡದ್ದನ್ನೆಲ್ಲ ಹೇಳಿದ್ದಾನೆ, ಇನ್ನು ಅಡಗಿಸಿದ್ದು ಏನೂ ಇರಲಿಕ್ಕಿಲ್ಲ ಎಂಬ ಧೈರ್ಯ ಕೊಳ್ಳುವವನಿಗೆ ಬರುತ್ತದೆ. ಹೇಳದೆ ಬಿಟ್ಟ ವಿವರಣೆಗೆ ಅವನು ಮನಸ್ಸಿನಲ್ಲೇ ನೂರು ಊನ ಕಲ್ಪಿಸಿಕೊಂಡು ಅಷ್ಟನ್ನೂ ಬೆಲೆಯಲ್ಲಿ ಕಳೆಯುತ್ತಾನೆ.

ಈಗ ಸವಾಲಿನ ಲೆಕ್ಕ. ನಿವೃತ್ತಿಯ ಮೇಲೆ ನಾನು ನನ್ನ ಹೆಚ್ಚುವರಿ ಚೀಟಿಗಳನ್ನು ಮಾರಲು ಶುರುಮಾಡಿದ್ದು ಇಬೇ ಇಂಡಿಯಾದಲ್ಲಿ. ಮೊದಲು ಬಾಜೀ ಡಾಟ್ ಕಾಮ್ ಎಂದಿತ್ತು, 2004ರಲ್ಲಿ ಇಬೇ ಅದನ್ನು ಕೊಂಡಿತು. 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಪಾಲಾಯಿತು, ಮರುವರ್ಷ ಆಗಸ್ಟಿನಲ್ಲಿ ಬಾಗಿಲು ಹಾಕಿತು. ಅಲ್ಲಿ ನಾನು ಗಳಿಸಿದ್ದ ನೂರೈವತ್ತು ಒಳ್ಳೆಯ ಮಾತುಗಳೂ ಅದರ ಜೊತೆಗೇ ಹೋದವು! ಈಗ ನಡೆಯುವುದು ಹೆಚ್ಚಾಗಿ ಫೇಸ್‌ಬುಕ್, ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಮತ್ತೆ ಹರಾಜು ಮನೆಗಳ ಜಾಲತಾಣಗಳಲ್ಲಿ.

ಇಬೇಯಂಥ ಕಡೆ ಕೊಳ್ಳುವವನು ತನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಯಂತ್ರಕ್ಕೆ ಹೇಳಿಟ್ಟು ಹೋಗುತ್ತಾನೆ. ಒಬ್ಬ 3,000 ಎಂದು, ಇನ್ನೊಬ್ಬ 4,200 ಎಂದು ಇಟ್ಟರೆ, ಏರಿಕೆಯ ಹೆಜ್ಜೆ ನೂರು ರೂಪಾಯಿ ಇದ್ದರೆ, ಮಾಲು 3,100ಕ್ಕೆ ಹೋಗುತ್ತದೆ. ಮಿಕ್ಕ 1,100 ರೂಪಾಯಿ ಕಣ್ಣೆದುರೇ ಕೈತಪ್ಪಿತಲ್ಲ ಎಂದು ಶುರುವಿನಲ್ಲಿ ನನಗೂ ಸಂಕಟವಾಗುತ್ತಿತ್ತು. ಗೆದ್ದವನು ಎರಡನೆಯವನ ಬೆಲೆಯನ್ನು ಕೊಡುವ ಈ ಪದ್ಧತಿಯನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ವಿವರಿಸಿದರು, 1996ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಚೀಟಿ ಮಾರುವವರು 1893ರಲ್ಲೇ ಅಮೆರಿಕದ ನಾರ್ಥಾಂಪ್ಟನ್ ಊರಿನಲ್ಲಿ ಅಂಚೆಯ ಮೂಲಕ ಹೀಗೆಯೇ ಹರಾಜು ನಡೆಸಿದ್ದರು. ನಮ್ಮವರು ಪಂಡಿತರಿಗಿಂತ ಮುಂದೆ ಎಂದು ನನಗೆ ಒಳಗೊಳಗೆ ಹೆಮ್ಮೆ. ತನ್ನ ನಿಜವಾದ ಬೆಲೆ ಹೇಳಿದರೂ ಅಷ್ಟನ್ನೂ ಕೊಡಬೇಕಾಗಿಲ್ಲ ಎಂದು ಗೊತ್ತಿದ್ದರೆ ಕೊಳ್ಳುವವನು ಹೆದರದೆ ಹೇಳುತ್ತಾನೆ.

ಇದರಿಂದ ನೀನು ತಿಳಿಯಬೇಕಾದ್ದು: ನಿನ್ನ ಬೆಲೆ ಕಟ್ಟುವವನು ಗೆದ್ದವನಲ್ಲ, ಸೋತವನು. ಒಬ್ಬ ಹುಚ್ಚ ಸಾಲದು, ಇಬ್ಬರು ಬೇಕು. ಆದ್ದರಿಂದ ಇಬ್ಬರಾದರೂ ಖಂಡಿತ ಬರುವ ವಸ್ತುವಿಗೆ, ಎಂದರೆ ಗಾಂಧಿ ಸೆಟ್ಟಿಗೆ, ಒಳ್ಳೆಯ ಬೆಳ್ಳಿ ರೂಪಾಯಿಗೆ, ಆರಂಭದ ಬೆಲೆ ಕಡಿಮೆಯೇ ಇಡು. ಜನ ಬಾಗಿಲಿಗೆ ಬರಲಿ. ಒಬ್ಬನೇ ಹುಡುಕುವ ವಸ್ತುವಿಗೆ, ಹಳ್ಳಿ ಅಂಚೆಕಚೇರಿಯ ಮೊಹರು ಬಿದ್ದ ಕಾರ್ಡಿನಂಥದಕ್ಕೆ, ಇಷ್ಟಕ್ಕಿಂತ ಕಡಿಮೆಗೆ ಕೊಟ್ಟರೆ ರಾತ್ರಿ ನಿದ್ದೆ ಬರುವುದಿಲ್ಲ ಎನ್ನುವ ಬೆಲೆಯಿಂದಲೇ ಶುರುಮಾಡು. ಅಡಿಕೆ ಬೆಳೆಗಾರನಿಗೆ ಟೆಂಡರ್ ದರ ಒಪ್ಪಿಗೆಯಾಗದಿದ್ದರೆ ‘ಇವತ್ತು ಕೊಡುವುದಿಲ್ಲ’ ಎನ್ನುವ ಹಕ್ಕಿದೆ. ಗುಂಪಿನ ಹರಾಜಿನಲ್ಲಿ ನಿನಗೆ ಆ ಹಕ್ಕಿಲ್ಲ. ಗಂಟೆ ಮುಗಿದ ಮೇಲೆ ಕೊನೆಯ ಸವಾಲು ಐವತ್ತು ರೂಪಾಯಿ ಆದರೂ ಕೊಡಲೇಬೇಕು, ನಗುತ್ತಲೇ ಕೊಡಬೇಕು.

ಬಹಳ ಜನ ಕೊನೆಯ ಕ್ಷಣದವರೆಗೂ ಕಾಯುತ್ತಾರೆ. ಆರು ದಿನ ನೊಣ ಹೊಡೆಯುತ್ತಿದ್ದ ಹರಾಜು ಕೊನೆಯ ಹದಿನೈದು ಸೆಕೆಂಡಿನಲ್ಲಿ ಎದ್ದು ಕೂರುತ್ತದೆ. ಈ ಆಟವನ್ನು ರಾತ್ ಮತ್ತು ಓಕನ್‌ಫೆಲ್ಸ್ ಎಂಬ ಇಬ್ಬರು ಅಭ್ಯಾಸ ಮಾಡಿ 2002ರಲ್ಲಿ ಬರೆದರು: ಗಡಿಯಾರ ನಿಂತಲ್ಲಿಗೆ ಮುಗಿಯುವ ಇಬೇಯಲ್ಲಿ ಕೊನೆಗಳಿಗೆಯ ಸವಾಲು ಹೆಚ್ಚು, ಹೊಸ ಸವಾಲು ಬಂದರೆ ಹತ್ತು ನಿಮಿಷ ಮುಂದುವರಿಯುತ್ತಿದ್ದ ಅಮೆಜಾನಿನ ಅಂದಿನ ಹರಾಜಿನಲ್ಲಿ ಕಡಿಮೆ. ವಾಟ್ಸ್ಆ್ಯಪ್ ಗುಂಪು ಸೇರುವಾಗ ಈ ವಿಸ್ತರಣೆಯ ನಿಯಮ ಇದೆಯೇ ಎಂದು ಕೇಳು, ಇರುವ ಗುಂಪೇ ಮಾರುವವರಿಗೆ ಲೇಸು. ನಿಯಮ ಏನೇ ಇರಲಿ, ಮಂಗಳವಾರ ಮಧ್ಯಾಹ್ನ ಮುಗಿಯುವ ಹಾಗೆ ಇಡಬೇಡ. ಭಾನುವಾರ ರಾತ್ರಿ ಊಟದ ನಂತರ ಮುಗಿಯಲಿ. ಐಪಿಎಲ್ ಫೈನಲ್ ರಾತ್ರಿ ಬೇಡವೇ ಬೇಡ.

ಆ ಆರು ದಿನದ ಮೌನ ತಡೆದುಕೊಳ್ಳುವುದೇ ಕಷ್ಟ. ನಾನು ತಡೆದುಕೊಳ್ಳದೆ ಮಾಡಿದ ಒಂದು ತಪ್ಪನ್ನು ನಿನಗೆ ಹೇಳಿಬಿಡುತ್ತೇನೆ, ಮನೆಯಲ್ಲಿ ಯಾರಿಗೂ ಹೇಳಿಲ್ಲ. ಒಳ್ಳೆಯದೊಂದು ಫಸ್ಟ್ ಡೇ ಕವರ್ 400ರಲ್ಲೇ ನಿಂತಿತ್ತು. ಗೆಳೆಯನೊಬ್ಬನಿಗೆ ಫೋನು ಮಾಡಿ ‘ನೀನೊಂದು ಸವಾಲು ಹಾಕು, ಸ್ವಲ್ಪ ಏರಲಿ’ ಎಂದೆ. ಅವನು 700 ಎಂದು ಹಾಕಿದ. ನಿಜವಾದ ಗಿರಾಕಿಯ ಮಿತಿ 650 ಇದ್ದಿರಬೇಕು, ಅವನು ಅಲ್ಲಿಗೇ ಬಿಟ್ಟ. ನನ್ನ ಕವರ್ ನನ್ನ ಗೆಳೆಯನ ಹೆಸರಿನಲ್ಲಿ ನನ್ನ ಮೇಜಿನ ಮೇಲೇ ಉಳಿಯಿತು, ಕಮಿಷನ್ ಬೇರೆ ಕಟ್ಟಿದೆ. ಎರಡು ತಿಂಗಳು ಬಿಟ್ಟು ಅದನ್ನೇ ಮತ್ತೆ ಹಾಕಿದಾಗ ಅದೇ ಗಿರಾಕಿ ಒಂದು ಸಾಲು ಬರೆದ: ‘ಸರ್, ಇದು ಹೋದಸಲ ಮಾರಾಟವಾಗಿತ್ತಲ್ಲ?’ ನಾನು ಉತ್ತರ ಬರೆಯಲಿಲ್ಲ. ಅವನು ಮತ್ತೆಂದೂ ನನ್ನ ಯಾವ ಮಾಲಿಗೂ ಬರಲಿಲ್ಲ. ನನಗಾದದ್ದು ಬರೀ ನಾಚಿಕೆ. 2000ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ವಕೀಲನೊಬ್ಬ ಒಂದು ಚಿತ್ರಕ್ಕೆ ತಾನೂ ಗೆಳೆಯರೂ ಸೇರಿ ಹೀಗೇ ಏರಿಸಿ, ಸವಾಲು 1,35,805 ಡಾಲರಿಗೆ ಹೋಗಿ, ಕೊನೆಗೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ, ವಕೀಲಿಕೆಯೂ ಹೋಯಿತು. ನಿನ್ನ ಗಂಡನ ಫೋನಿನಿಂದ ಒಂದೇ ಒಂದು ಸವಾಲು ಹಾಕಿಸುವ ಮನಸ್ಸಾದರೆ ಈ ಸಣ್ಣಜ್ಜನ ಮುಖ ನೆನೆಸಿಕೊ.

ಗಿರಾಕಿಗಳ ಮಾತಿಗೆ ಬರುತ್ತೇನೆ. ಹರಾಜು ಶುರುವಾದ ಗಂಟೆಯೊಳಗೆ ಒಬ್ಬ ಖಾಸಗಿಯಾಗಿ ಬರೆಯುತ್ತಾನೆ: ‘ಮೇಡಂ, ಹರಾಜು ನಿಲ್ಲಿಸಿ, ನಾನೇ 5,000 ಕೊಡುತ್ತೇನೆ.’ ಸಜ್ಜನನೇ ಇರಬಹುದು. ಆದರೆ ಕಾಯದೆ ಐದು ಸಾವಿರ ಕೊಡುವವನ ಲೆಕ್ಕದಲ್ಲಿ ಅದರ ಬೆಲೆ ಐದಕ್ಕಿಂತ ಹೆಚ್ಚಿದೆ ಎಂದು ಅವನೇ ಹೇಳಿಕೊಟ್ಟ ಹಾಗಾಯಿತು. ‘ದಯವಿಟ್ಟು ಸವಾಲಿನಲ್ಲೇ ಹಾಕಿ’ ಎಂದು ಬರೆದು ಸುಮ್ಮನಿರು. ಈಗಾಗಲೇ ಸವಾಲು ಹಾಕಿದವರಿಗೂ ಅದೇ ಮರ್ಯಾದೆ. ಪ್ರಶ್ನೆ ಕೇಳುವವನನ್ನು ಮಾತ್ರ ಯಾವತ್ತೂ ಗದರಬೇಡ. ‘ಬಲಗಡೆ ಮೂಲೆ ಇನ್ನೊಮ್ಮೆ ತೋರಿಸ್ತೀರಾ’ ಎಂದು ಮೂರು ಸಲ ಕೇಳಿದವನು ತಲೆ ತಿಂದ ಹಾಗೆ ಕಾಣುತ್ತಾನೆ. ಕೊನೆಗೆ ಹಣ ಬಿಚ್ಚುವವನು ಹೆಚ್ಚಾಗಿ ಅವನೇ. ಅವನ ಪ್ರಶ್ನೆಯನ್ನೂ ನಿನ್ನ ಉತ್ತರವನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕು.

ಗೆದ್ದು ಹಣ ಕೊಡದವನು ಹತ್ತರಲ್ಲಿ ಒಬ್ಬ ಸಿಕ್ಕೇ ಸಿಗುತ್ತಾನೆ ಎಂದು ಮನಸ್ಸು ಗಟ್ಟಿಮಾಡಿಕೊ. ಎರಡು ದಿನ ಬಿಟ್ಟು ಮೆತ್ತಗೆ ಒಂದು ನೆನಪೋಲೆ, ಇನ್ನೆರಡು ದಿನಕ್ಕೆ ಕೊನೆಯದು. ಆಮೇಲೆ ಎರಡನೆಯವನನ್ನು ಕೇಳು, ಅವನದೇ ಸವಾಲಿನ ಬೆಲೆಗೆ. ‘ಗೆದ್ದವನ ಬೆಲೆ ಕೊಡಿ’ ಎಂದರೆ ಅವನು ನಗುತ್ತಾನೆ. ಗುಂಪಿನಲ್ಲಿ ಹೆಸರು ಎತ್ತಿ ಜಗಳಕ್ಕೆ ನಿಲ್ಲಬೇಡ, ನೋಡುವ ಇನ್ನೂರು ಜನರಿಗೆ ಯಾರ ತಪ್ಪು ಎಂಬುದಕ್ಕಿಂತ ಯಾರ ಬಾಯಿ ದೊಡ್ಡದು ಎಂಬುದೇ ನೆನಪಿರುತ್ತದೆ. ಇಬೇಯಂತೂ 2008ರಿಂದ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿತು. ಅಂಥವನನ್ನು ಬ್ಲಾಕ್ ಮಾಡಿ ಮುಂದೆ ಹೋಗು. ಮಾಲು ತಲುಪಿದ ಮೇಲೆ ‘ನೀವು ಹೇಳಿದ ಹಾಗಿಲ್ಲ’ ಎಂದು ಬರೆದರೆ, ಸಿಟ್ಟು ಬಂದರೂ, ವಾಪಸು ಕಳಿಸಿ ಎನ್ನು. ಬಂದ ಮೇಲೆ ಹಣ ತಿರುಗಿಸು. ನೂರು ರೂಪಾಯಿ ಅಂಚೆ ಖರ್ಚಿಗೆ ಹೆಸರು ಉಳಿಯುತ್ತದೆ.

ಕಳ್ಳರ ಬಗ್ಗೆ ಉದ್ದ ಬರೆಯುವುದಿಲ್ಲ, ನಿನಗೇ ನನಗಿಂತ ಚೆನ್ನಾಗಿ ಗೊತ್ತು. ಎರಡೇ ಮಾತು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ, ಯಾವ ಕ್ಯೂಆರ್ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಒತ್ತು ಎಂದವನು ಮಿಲಿಟರಿ ಅಧಿಕಾರಿ ಎಂದರೂ ಸರಿ, ಫೋನಿಡು. ಇನ್ನು ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ವೈಷ್ಣೋದೇವಿ ನಾಣ್ಯ, 786 ನಂಬರಿನ ನೋಟು, ಇವಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವವರು. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡೇ ಇಂಥ ವಸೂಲಿ ನಡೆಯುತ್ತಿದೆ ಎಂದು 2021ರ ಆಗಸ್ಟಿನಲ್ಲಿ ಆ ಬ್ಯಾಂಕೇ ಪ್ರಕಟಣೆ ಕೊಟ್ಟಿತ್ತು. ಕೊಳ್ಳುವವನು ಮಾರುವವನ ಹತ್ತಿರ ದುಡ್ಡು ಕೇಳುವ ಸಂತೆ ಎಲ್ಲಾದರೂ ಉಂಟೇ?

ಕಾನೂನಿನ ಮಾತು ಒಂದಿದೆ, ಇದನ್ನು ತಮಾಷೆ ಮಾಡಬೇಡ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ನಾವು ನೀವು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅಂಥ ವಸ್ತು ಮಾರುವುದನ್ನೇ ವ್ಯಾಪಾರ ಮಾಡಿಕೊಳ್ಳುವವರಿಗೆ ಪರವಾನಗಿ ಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ನ್ಯೂಜೆರ್ಸಿಯಲ್ಲಿ ಕೂತ ನಮ್ಮವರೇ ಒಬ್ಬರು ವಿಕ್ಟೋರಿಯಾ ರೂಪಾಯಿಗೆ ದುಪ್ಪಟ್ಟು ಕೊಡುತ್ತೇನೆ, ಬಟ್ಟೆಯ ಪಾರ್ಸೆಲ್ಲಿನಲ್ಲಿ ಇಟ್ಟು ಕಳಿಸಿ ಎಂದು ನನಗೆ ಬರೆದಿದ್ದರು. ಕನ್ನಡದಲ್ಲೇ ಬರೆದಿದ್ದರು, ಬಹಳ ಪ್ರೀತಿಯಿಂದ. ಆಗುವುದಿಲ್ಲ ಎಂದು ನಾನೂ ಕನ್ನಡದಲ್ಲೇ ಬರೆದೆ. ಡಬ್ಬಿಯಲ್ಲಿ ಹಳೆಯವು ಬಹಳ ಇದ್ದರೆ ಪರವಾನಗಿ ಇರುವ ಹರಾಜು ಮನೆಯ ಮೂಲಕ ಹೋಗುವುದೇ ಸರಿ, ಕಮಿಷನ್ ಹೋದರೆ ಹೋಗಲಿ.

ಕಟ್ಟಿ ಕಳಿಸುವುದು ನನ್ನ ಹಳೆಯ ಕಸುಬು. ಮೂವತ್ತಾರು ವರ್ಷ ಅಂಚೆ ಚೀಲ ಎತ್ತಿ ಬಿಸಾಡುವುದನ್ನು ನೋಡಿದವನು, ಆಗಾಗ ನಾನೂ ಬಿಸಾಡಿದವನು. ಚೀಟಿಯನ್ನು ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಇಡು, ಆಮೇಲೆ ಎರಡು ದಪ್ಪ ರಟ್ಟಿನ ನಡುವೆ. ಸೆಲ್ಲೋಟೇಪು ರಟ್ಟಿಗೆ ಮಾತ್ರ ತಾಗಬೇಕು. ನಾಣ್ಯ ಒಳಗೆ ಗಿಲಕಿಯ ಹಾಗೆ ಸದ್ದು ಮಾಡಿದರೆ ಕಳ್ಳನಿಗೆ ಕರೆಯೋಲೆ, ಹತ್ತಿ ತುರುಕು. ಕಟ್ಟುವಾಗ ವಿಡಿಯೊ ಮಾಡಿಕೊ, ಮುಖ ಬೇಡ, ಕೈ ಮತ್ತು ವಿಳಾಸ ಸಾಕು. ರಿಜಿಸ್ಟರ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು, ನನಗೆ ಆ ದಿನ ಊಟ ಸೇರಲಿಲ್ಲ. ಸ್ಪೀಡ್ ಪೋಸ್ಟಿನಲ್ಲೇ ಕಳಿಸು, ಬೆಲೆಯುಳ್ಳದ್ದಕ್ಕೆ ವಿಮೆ ಮಾಡಿಸು, ನಂಬರನ್ನು ಅದೇ ದಿನ ಗಿರಾಕಿಗೆ ತಿಳಿಸು.

ಏಳನೆಯ ಆಲ್ಬಮ್ಮಿನ ಕೊನೆಯಲ್ಲಿ, ನಾನು ತರಬೇತಿಯಲ್ಲಿದ್ದಾಗ ಅಣ್ಣ ನನಗೆ ಬರೆದ ನಾಲ್ಕು ಕಾರ್ಡುಗಳಿವೆ. ನಾನೇ ಅವನಿಗೆ ಮೊಹರು ನೋಡಲು ಕೊಟ್ಟದ್ದು, ವಾಪಸು ಕೊಡಲೇ ಇಲ್ಲ ಪುಣ್ಯಾತ್ಮ. ಅವನ್ನು ಬಿಟ್ಟು ಉಳಿದದ್ದನ್ನು ಹಾಕು. ಹಾಕುವ ಮುಂಚೆ ಪುಟಗಳ ಎರಡೂ ಬದಿಯ ಫೋಟೋ ನನಗೊಮ್ಮೆ ಕಳಿಸು, ಬೆಲೆ ಬರೆದು ಹೇಳುತ್ತೇನೆ. ಮೇ ತಿಂಗಳೊಳಗೆ ಕಳಿಸು. ಮಳೆ ಹಿಡಿದ ಮೇಲೆ ಇಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.